ಸುಲಿಯುವ ಕೈಗೂ ಬಿಡುವು ಬೇಕು

ಅಡಿಕೆ ಮರದಿಂದ ಒಬ್ಬರು ಬಿದ್ದರೆ ಇಡೀ ಊರು ಓಡಿ ಬರುತ್ತದೆ. ಆಂಬುಲೆನ್ಸ್ ಬರುತ್ತದೆ, ಪರಿಹಾರದ ಮಾತೂ ಬರುತ್ತದೆ. ಆದರೆ ಹತ್ತು ವರ್ಷ ಅಡಿಕೆ ಸುಲಿದು ಹೆಬ್ಬೆರಳು ಮಡಚಲಾಗದ ತಾಯಿಗೆ, ಚೀಲ ಹೊತ್ತು ಹೊತ್ತು ಸೊಂಟ ಹೋದ ಹಮಾಲರಿಗೆ ನಾವು ಹೇಳುವುದು ಒಂದೇ ಮಾತು: "ವಯಸ್ಸಾಯ್ತಲ್ಲ, ಇನ್ನೇನು." ನಲವತ್ತಕ್ಕೇ ವಯಸ್ಸಾಗುವುದು ಹೇಗೆ? ನಮ್ಮ ಮಸೀದಿಗಳಲ್ಲಿ ನಮಾಝಿಗೆ ಕುರ್ಚಿ ಹುಡುಕುವವರೆಲ್ಲ ಮುದುಕರಲ್ಲ.

ದಾವಣಗೆರೆ ಜಿಲ್ಲೆಯ ನಮ್ಮ ಈ ತಾಲೂಕುಗಳನ್ನೇ ನೋಡಿ. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ದೋಟಿ ಹಿಡಿದವರು ದಿನವಿಡೀ ಕತ್ತು ಮೇಲೆತ್ತಿಯೇ ಇರಬೇಕು. ಹಸಿ ಅಡಿಕೆ ಇಟ್ಟರೆ ಕೆಡುತ್ತದೆ ಎಂದು ಹೆಂಗಸರು ರಾತ್ರಿಯವರೆಗೂ ಕುಳಿತು ಸುಲಿಯುತ್ತಾರೆ. ಹೊನ್ನಾಳಿ, ನ್ಯಾಮತಿ ಕಡೆ ಭತ್ತದ ನಾಟಿಗೆ ಬಗ್ಗಿದ ಬೆನ್ನು ಸಂಜೆಯೇ ನೇರವಾಗುವುದು. ಜಗಳೂರಿನಲ್ಲಿ ಮೆಕ್ಕೆಜೋಳ, ಈರುಳ್ಳಿ ಚೀಲಗಳ ಲೋಡಿಂಗ್. ಇನ್ನು ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಲು ಡಾಂಬರು ರಸ್ತೆಯಲ್ಲಿ ಬೆಳಗಿನ ಜಾವ ಓಡುವ ಹುಡುಗರು. ಕೆಲಸ ಬೇರೆ ಬೇರೆ, ಪೆಟ್ಟು ಒಂದೇ ಜಾತಿಯದು.

ದುಡಿದಾಗ ಸ್ನಾಯು, ನರಹುರಿ, ಮೂಳೆಗಳಿಗೆ ಸಣ್ಣ ಸಣ್ಣ ಹಾನಿಯಾಗುತ್ತದೆ. ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ ಶರೀರ ಅದನ್ನು ರಿಪೇರಿ ಮಾಡಿ ಮೊದಲಿಗಿಂತ ಗಟ್ಟಿ ಮಾಡುತ್ತದೆ. ರಿಪೇರಿ ಮುಗಿಯುವ ಮೊದಲೇ ಅದೇ ಜಾಗಕ್ಕೆ ಮತ್ತೆ ಭಾರ ಬಿದ್ದರೆ ಸವೆತ ಶುರು. ಸ್ನಾಯು ಬೇಗ ಹೊಂದಿಕೊಳ್ಳುತ್ತದೆ, ನರಹುರಿ, ಮೂಳೆಗೆ ಹೆಚ್ಚು ದಿನ ಬೇಕು. ಆದ್ದರಿಂದಲೇ ಆರು ತಿಂಗಳು ಸುಮ್ಮನಿದ್ದು ಸೀಸನ್‌ನ ಮೊದಲ ವಾರವೇ ಹದಿನಾಲ್ಕು ಗಂಟೆ ಸುಲಿದವರ ಮಣಿಕಟ್ಟು ಊದುತ್ತದೆ. ಅರ್ಜಿ ಹಾಕಿದ ಮೇಲೆ ಒಮ್ಮೆಲೇ ಓಡಲು ಹೊರಟ ಹುಡುಗನ ಕಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ.

ಇದು ನಾವು ಕಟ್ಟಿದ ಮಾತಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಉದ್ಯೋಗ ಕಾಯಿಲೆಗಳ ಪಟ್ಟಿಯಲ್ಲಿ, ಒಂದೇ ಚಲನೆಯನ್ನು ಪದೇ ಪದೇ ಮಾಡುವುದರಿಂದ ಬರುವ ಮಣಿಕಟ್ಟಿನ ನರಹುರಿ ಬೇನೆಯೂ ಇದೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುವ ಕಾಯಿಲೆಯೂ ಇದೆ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅದೇ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ನಮ್ಮ ಮಂಡಿಗಳಲ್ಲಿ ಹಮಾಲರ ಬೆನ್ನೇರುವ ಅಡಿಕೆ ಚೀಲವನ್ನು ಒಮ್ಮೆ ತೂಕಕ್ಕೆ ಹಾಕಿ ನೋಡಿ.

ಉಪಾಯ ದೊಡ್ಡದಲ್ಲ. ಮೊದಲ ವಾರ ಅರ್ಧ ದಿನದ ಕೆಲಸ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು. ಗಂಟೆಗೊಮ್ಮೆ ಐದು ನಿಮಿಷ ಎದ್ದು ಕೈಕಾಲು ಆಡಿಸುವುದು. ಸುಲಿಯುವವರು ಸ್ವಲ್ಪ ಹೊತ್ತು ಆರಿಸುವ ಕೆಲಸಕ್ಕೆ, ದೋಟಿ ಹಿಡಿದವರು ಗೊನೆ ಸಾಗಿಸುವುದಕ್ಕೆ ಬದಲಾಗುವುದು. ಕತ್ತಿ ಚೂಪಾಗಿರಲಿ, ಮೊಂಡು ಕತ್ತಿಗೆ ಹೆಚ್ಚು ಬಲ ಬೇಕು. ಕೂರಲು ಮಣೆಯೋ ಸ್ಟೂಲೋ ಇರಲಿ. ಓಡುವ ಹುಡುಗರು ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲೇ ಶುರು ಮಾಡಲಿ, ಮಣ್ಣಿನ ಮೈದಾನದಲ್ಲಿ ಓಡಲಿ, ವಾರದಲ್ಲಿ ಒಂದೆರಡು ದಿನ ಬಿಡಲಿ.

ನೋವಿನ ಮಾತ್ರೆ ನುಂಗಿ ಮತ್ತೆ ಕೆಲಸಕ್ಕೆ ಹೋಗುವ ಚಾಳಿ ಮಾತ್ರ ಬೇಡ. ಮಾತ್ರೆ ನೋವನ್ನು ಮುಚ್ಚುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ಬಿಸಿಲಲ್ಲಿ ನೀರು ಕುಡಿಯದೆ ದಿನವೂ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಮೂಳೆಯ ಒಂದೇ ಜಾಗ ಒತ್ತಿದರೆ ನೋಯುತ್ತಿದ್ದರೆ, ವಾರ ಬಿಡುವು ಕೊಟ್ಟರೂ ನೋವು ಇಳಿಯದಿದ್ದರೆ ತಾಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಬರೆದುಕೊಟ್ಟರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ.

ಇಷ್ಟು ಹೇಳಿದಾಗ ಕೂಲಿಯವರು ಕೇಳುವ ಪ್ರಶ್ನೆ ನಮಗೆ ಗೊತ್ತು: "ಉಸ್ತಾದರೇ, ಕಿಲೋಗಿಷ್ಟು ಅಂತ ಕೂಲಿ. ಎದ್ದು ಕೂತರೆ ಹೊಟ್ಟೆಗೇನು?" ಪ್ರಶ್ನೆ ಸರಿಯಾಗಿಯೇ ಇದೆ. ಆ ಐದು ನಿಮಿಷದ ಬೆಲೆಯನ್ನು ಬಡವರ ಮೇಲೆ ಹಾಕಿ ನಾವು ಆರೋಗ್ಯದ ಪಾಠ ಹೇಳುವುದು ನ್ಯಾಯವಲ್ಲ. ನಮ್ಮ ಬ್ಯಾರಿಗಳಲ್ಲಿ ಅಡಿಕೆ ವ್ಯಾಪಾರ ಮಾಡುವವರು ಬಹಳ ಜನರಿದ್ದಾರೆ. ಚೀಲದ ತೂಕ ಇಳಿಸುವುದು, ಮೊದಲ ವಾರ ದಿನಗೂಲಿ ಕೊಡುವುದು, ಸುಲಿಯುವ ಕಡೆ ಮಣೆ, ನೀರು, ಬೆಳಕು ಇಡುವುದು ಅವರ ಕೈಯಲ್ಲಿದೆ. ಇದು ದಾನವಲ್ಲ, ದುಡಿಯುವವರ ಹಕ್ಕು.

ಮನೆಯವರಿಗೂ ಒಂದು ಮಾತು. ಹಗಲು ಸುಲಿದು ಬಂದ ಹೆಂಗಸು ರಾತ್ರಿ ಅದೇ ಕೈಯಲ್ಲಿ ಬಟ್ಟೆ ಹಿಂಡುತ್ತಾಳೆ, ಪಾತ್ರೆ ಉಜ್ಜುತ್ತಾಳೆ. ಸೀಸನ್ ಮುಗಿಯುವ ತನಕವಾದರೂ ಆ ಕೆಲಸ ಗಂಡನೋ ಮಗನೋ ಮಾಡಲಿ. ಅವಳ ಕೈ ಮುಂದಿನ ವರ್ಷಕ್ಕೂ ಬೇಕು.