ನೀಲಿ ಹೂವೆಲ್ಲ ವಿಷ್ಣುಕ್ರಾಂತಿಯಲ್ಲ

ಮಳೆಗಾಲದಲ್ಲಿ ಹುಲ್ಲಿನ ನಡುವೆ ಪುಟ್ಟ ನೀಲಿ ಹೂವೊಂದು ಕಂಡರೆ ನಮ್ಮಲ್ಲಿ ಬಹುಮಂದಿ ‘ವಿಷ್ಣುಕ್ರಾಂತಿ’ ಎಂದುಬಿಡುತ್ತಾರೆ. ಸಿರಸಂಗಿಯಂಥ ಒಣನೆಲದಲ್ಲಿ ಆ ಊಹೆ ಹಲವು ಬಾರಿ ನಿಜವಾದೀತು. ಆದರೆ ಸವದತ್ತಿ ಸೀಮೆಗೆ ನೀರುಣಿಸುವ ಮಲಪ್ರಭೆ ಹುಟ್ಟುವುದು ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ. ಆ ಘಟ್ಟಸಾಲಿನ ಹುಲ್ಲುಗಾವಲು, ಗದ್ದೆಬದುಗಳಲ್ಲಿ ಈ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ.

ಅಲ್ಲಿ ಗಂಟೆಹೂವಿನ ಕುಟುಂಬದ ಸಸ್ಯಗಳಿವೆ. ಇದರ ಶಾಸ್ತ್ರೀಯ ಹೆಸರು ಕ್ಯಾಂಪನುಲೇಸಿ. ಲ್ಯಾಟಿನ್ನಿನ ‘ಕ್ಯಾಂಪಾನಾ’ ಎಂದರೆ ಗಂಟೆ. ಮೂರು ಸಸ್ಯಗಳನ್ನು ಹೋಲಿಸೋಣ. ವಿಷ್ಣುಕ್ರಾಂತಿ ನೆಲಕ್ಕೆ ಹರಡುತ್ತದೆ. ಮೈಮೇಲೆ ರೇಷ್ಮೆಯಂಥ ರೋಮಗಳಿರುತ್ತವೆ. ಅರಳಿದ ಹೂವು ತಟ್ಟೆಯಂತೆ ಚಪ್ಪಟೆ. ವಾಲೆನ್‌ಬರ್ಜಿಯಾದ ಕಾಂಡ ಸಪೂರವಾಗಿ ಮೇಲೇಳುತ್ತದೆ. ಐದು ಸಮನಾದ ಸೀಳುಗಳ ಪುಟ್ಟ ಗಂಟೆ ಅದರ ಹೂವು. ಸಣ್ಣ ಲೊಬೀಲಿಯಾದ ಹೂವಿಗೆ ಎರಡು ತುಟಿಗಳು: ಮೇಲೆ ಎರಡು ಸೀಳು, ಕೆಳಗೆ ಮೂರು. ಇನ್ನೊಂದು ಗುರುತು ಹೂವಿನ ಅಡಿಯಲ್ಲಿದೆ. ಗಂಟೆಹೂವಿನ ಕುಟುಂಬದ ಈ ಎರಡರಲ್ಲಿಯೂ ಕಾಯಾಗುವ ಗಂಟು ಪುಷ್ಪಪತ್ರಗಳ ಕೆಳಗಿರುತ್ತದೆ. ವಿಷ್ಣುಕ್ರಾಂತಿಯಲ್ಲಿ ಅದು ಹೂವಿನೊಳಗೆ ಇರುತ್ತದೆ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಇದೇ ಕುಟುಂಬದ ಎತ್ತರದ ಸಸ್ಯ ಕಾಡುಹೊಗೆಸೊಪ್ಪು. ಎಲೆ ನೋಡಿದರೆ ಹೊಗೆಸೊಪ್ಪೇ. ಆದರೆ ಮುರಿದರೆ ಹಾಲು ಒಸರುತ್ತದೆ, ಬಿಳಿ ಹೂವಿನ ಬೆನ್ನು ಸೀಳಿರುತ್ತದೆ. ಅದರಲ್ಲಿ ಲೊಬೆಲಿನ್ ಎಂಬ ವಿಷವಿದೆ. ವಿಷ್ಣುಕ್ರಾಂತಿಯಾದರೋ ಮದ್ದಿಗಾಗಿ ಕೀಳಲ್ಪಡುವ ಗಿಡ. ಗುರುತು ತಪ್ಪಿದರೆ ಒಂದೆಡೆ ಮನುಷ್ಯನಿಗೆ ಕೇಡು, ಮತ್ತೊಂದೆಡೆ ಬೇಡದ ಗಿಡಕ್ಕೆ ಬೇರುಸಹಿತ ಮರಣ.

2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಅವಕಾಶ ನೀಡಿದೆ. ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಅವುಗಳ ಮುಖ್ಯ ಹೊಣೆ. ಆ ದಾಖಲಾತಿಯಲ್ಲಿ ‘ನೀಲಿ ಹೂವಿನ ಗಿಡ’ ಎಂದು ಬರೆದರೆ ಯಾವ ಗಿಡವನ್ನೂ ರಕ್ಷಿಸಲಾಗದು. ಹುಲ್ಲುಗಾವಲನ್ನು ‘ಪಾಳುಭೂಮಿ’ಯೆಂದು ಕರೆದು ಅಕೇಶಿಯಾ ನೆಡಲು ಬಂದವರಿಗೆ, ಇಲ್ಲಿ ಏನಿದೆಯೆಂದು ಹೆಸರು ಹಿಡಿದು ಹೇಳಬಲ್ಲ ಊರು ಮಾತ್ರ ಉತ್ತರಿಸಬಲ್ಲದು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ: ಗಿಡವನ್ನು ಕೀಳಬೇಡಿ. ಹೂವನ್ನು ಮುಂದಿನಿಂದಲೂ ಪಕ್ಕದಿಂದಲೂ ನೋಡಿ; ಎಲೆ, ಕಾಯಿ, ನೆಲ, ತಿಂಗಳು ಇವನ್ನು ಬರೆದಿಡಿ. ಹಿರಿಯರು ಹೇಳುವ ಹೆಸರನ್ನೂ ಜೊತೆಗೆ ಬರೆಯಿರಿ. ಹೆಸರು ಖಚಿತವಾಗದಿದ್ದರೆ ಆ ಜಾಗ ಖಾಲಿ ಇರಲಿ; ತಪ್ಪು ಹೆಸರಿಗಿಂತ ಅದು ಮೇಲು.