ಹಣ್ಣುನೊಣವೂ ನಮ್ಮ ಹೃದಯವೂ

ಕೆಲಸವಿಲ್ಲದೆ ಕುಳಿತವನನ್ನು ಕಂಡರೆ ‘ನೊಣ ಹೊಡೆಯುತ್ತಿದ್ದಾನೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಹೀಗಿರುವಾಗ, ಸರ್ಕಾರದ ಹಣದಲ್ಲಿ ಹಣ್ಣುನೊಣದ ಸ್ನಾಯುಗಳನ್ನು ವರ್ಷಗಟ್ಟಲೆ ಅಭ್ಯಸಿಸುವ ವಿಜ್ಞಾನಿಗಳಿದ್ದಾರೆಂದರೆ ಹಲವರಿಗೆ ನಗು ಬರುತ್ತದೆ. ಆ ನಗು ಸಲ್ಲದೆಂಬುದು ನನ್ನ ಅಭಿಪ್ರಾಯ.

ಕಳಿತ ಬಾಳೆಹಣ್ಣನ್ನು ಮುತ್ತುವ ಡ್ರೊಸೊಫಿಲ ಎಂಬ ಈ ಪುಟ್ಟ ಕೀಟ ಸೆಕೆಂಡಿಗೆ ಸುಮಾರು 200 ಬಾರಿ ರೆಕ್ಕೆ ಬಡಿಯುತ್ತದೆ. ಪ್ರತಿ ಬಡಿತಕ್ಕೂ ನರಗಳ ಆಜ್ಞೆ ಬರುವುದಿಲ್ಲ. ಎದೆಭಾಗದ ಎರಡು ಸ್ನಾಯುಸಮೂಹಗಳು ಸರದಿಯಂತೆ ಒಂದನ್ನೊಂದು ಹಿಗ್ಗಿಸುತ್ತವೆ. ಹಿಗ್ಗಿದ ಸ್ನಾಯು ಆ ಎಳೆತದಿಂದಲೇ ಪ್ರಚೋದನೆಗೊಂಡು ಬಲವಾಗಿ ಕುಗ್ಗುತ್ತದೆ. ಇದಕ್ಕೆ ಸ್ನಾಯು ಬಿಗಿಯಾಗಿಯೂ ಸ್ಥಿತಿಸ್ಥಾಪಕವಾಗಿಯೂ ಇರಬೇಕು. ಈ ಗುಣವನ್ನು ಒದಗಿಸುವಲ್ಲಿ ಪ್ರೊಜೆಕ್ಟಿನ್ ಮತ್ತು ಸಾಲಿಮಸ್ ಎಂಬ ಪ್ರೋಟೀನುಗಳ ಪಾತ್ರ ದೊಡ್ಡದು.

ಇವುಗಳ ದಾಯಾದಿಯೊಂದು ನಮ್ಮ ದೇಹದಲ್ಲೂ ಇದೆ. ಅದರ ಹೆಸರು ಟೈಟಿನ್. ಸುಮಾರು 34,000 ಅಮೈನೋ ಆಮ್ಲಗಳನ್ನು ಪೋಣಿಸಿದ ಈ ಸರಪಳಿ ನಮ್ಮ ಪ್ರೋಟೀನುಗಳಲ್ಲೇ ಅತಿ ದೊಡ್ಡದು. ರಕ್ತ ತುಂಬಿ ಹಿಗ್ಗಿದ ಹೃದಯದ ಸ್ನಾಯುವಿನಲ್ಲಿ ಅದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಹೃದಯ ಹಿಗ್ಗಿ ದುರ್ಬಲವಾಗುವ ಕಾಯಿಲೆಯೊಂದು ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಅಂಥ ರೋಗಿಗಳಲ್ಲಿ ಸುಮಾರು ಕಾಲುಭಾಗದವರಿಗೆ ಟೈಟಿನ್ ಜೀನಿನಲ್ಲೇ ದೋಷವಿರುವುದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು.

ಇದನ್ನು ಕಂಡದ್ದು ರೋಗಿಗಳ ಜೀನುಗಳಲ್ಲಿ. ನೊಣದಿಂದ ಮದ್ದು ದೊರಕಿತೆಂದು ನಾನು ಹೇಳುತ್ತಿಲ್ಲ. ಆದರೆ ಬದುಕಿರುವ ಮನುಷ್ಯನ ಹೃದಯದಲ್ಲಿ ಒಂದು ಪ್ರೋಟೀನನ್ನು ಕೆಡಿಸಿ ಪರಿಣಾಮ ನೋಡಲಾಗದು. ನೊಣದಲ್ಲಿ ಅದು ಸಾಧ್ಯ. ಹತ್ತು ದಿನಗಳಲ್ಲಿ ಅದರ ಹೊಸ ಪೀಳಿಗೆ ಸಿದ್ಧ. ದೋಷವುಳ್ಳ ನೊಣ ಹಾರದಿದ್ದರೆ ಕಣ್ಣಿಗೇ ಕಾಣುತ್ತದೆ.

ಇಂಥ ಕೆಲಸ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಹಣ್ಣುನೊಣದ ಹಾರಾಟದ ಸ್ನಾಯುಗಳು ರೂಪುಗೊಳ್ಳುವ ಬಗೆಯನ್ನು ಶೋಧಿಸಿದ ಕೆ. ವಿಜಯರಾಘವನ್ ಅವರು 2018ರಿಂದ 2022ರವರೆಗೆ ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿದ್ದರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಕಾಲೇಜು ಓದುವ ಮಕ್ಕಳ ತಂದೆತಾಯಂದಿರು. ವೈದ್ಯಕೀಯ, ಎಂಜಿನಿಯರಿಂಗ್ ಬಿಟ್ಟರೆ ಓದೇ ಇಲ್ಲವೆಂಬ ಭಾವನೆ ಮನೆಮನೆಯಲ್ಲೂ ಬೇರೂರಿದೆ. ವೈದ್ಯರು ನಾಳೆ ಬಳಸುವ ತಿಳಿವಳಿಕೆಯನ್ನು ಇಂದು ಯಾರಾದರೂ ತಾಳ್ಮೆಯಿಂದ ಕೂಡಿಡಬೇಕಲ್ಲವೇ? ನಿಮ್ಮ ಮಗಳು ನೊಣಗಳನ್ನು ಅಭ್ಯಸಿಸುವೆನೆಂದರೆ ಸಂಬಳವೆಷ್ಟೆಂದು ಆಮೇಲೆ ವಿಚಾರಿಸಿ. ಅದರಲ್ಲಿ ಅವಳು ಕಂಡ ಸೋಜಿಗವೇನೆಂದು ಮೊದಲು ಕೇಳಿ, ಅವಳು ಹೇಳುವುದನ್ನು ಪೂರ್ತಿಯಾಗಿ ಆಲಿಸಿ.