ಕನ್ನಡಿ ಹೊಳಪಿನ ಕೂಲಿ

ಗೋವಾದ ವಾಗಾತೋರ್ ಗುಡ್ಡದ ಮೇಲೆ ಬೈಕುಗಳ ಜಾತ್ರೆ ಸೇರಿದಾಗ, ಕುಕ್ಕರಗಾಲಿನಲ್ಲಿ ಕೂತು ಕ್ಲಚ್ ಕವರಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡುವವರಿಗೆ ಬರವಿರುವುದಿಲ್ಲ. 2013ರಲ್ಲಿ ಮೊದಲ ಇಂಡಿಯಾ ಬೈಕ್ ವೀಕ್ ನಡೆದದ್ದು ಇಲ್ಲೇ. ರಾಯಲ್ ಎನ್‌ಫೀಲ್ಡ್‌ನವರ ರೈಡರ್ ಮೇನಿಯಾ 2023ರಲ್ಲಿ ಮೋಟೋವರ್ಸ್ ಎಂದು ಹೆಸರು ಬದಲಿಸಿಕೊಂಡದ್ದೂ ಇದೇ ಊರಿನಲ್ಲಿ. ಬೆಳಗಾವಿಯವರು ಚೋರ್ಲಾ ಘಾಟಿಯಿಂದ, ಹುಬ್ಬಳ್ಳಿಯವರು ಅನಮೋಡ ಘಾಟಿಯಿಂದ, ಕಾರವಾರದವರು ಕಾಣಕೋಣ ಹಾದು ಗೋವಾಕ್ಕೆ ಇಳಿಯುತ್ತಾರೆ. ಹೊರಡುವ ಮುಂಚೆ ಗಾಡಿಗೆ ಸಿಂಗಾರ ಆಗಬೇಕು. ಎಂಜಿನ್ನಿನ ಅಲ್ಯೂಮಿನಿಯಂ ಕವರುಗಳು ಬಿಚ್ಚಿಕೊಂಡು, ಉಜ್ಜಿ ಕನ್ನಡಿಯಂತೆ ಹೊಳೆಯಿಸುವ ಬಫಿಂಗ್ ಅಂಗಡಿಗೆ ಹೋಗುತ್ತವೆ. ಅಲ್ಲಿ ಚೌಕಾಸಿ ಶುರುವಾಗುತ್ತದೆ.

ಲಕ್ಷಗಟ್ಟಲೆ ಕೊಟ್ಟು ಗಾಡಿ ಕೊಂಡವರು ಬಫಿಂಗ್ ಮಾಡುವವನ ಹತ್ತಿರ ಐವತ್ತು ರೂಪಾಯಿಗೆ ಜಗ್ಗಾಡುತ್ತಾರೆ. ಈ ಹೊಳಪು ಇಷ್ಟು ಅಗ್ಗಕ್ಕೆ ಸಿಗಬಾರದು. ಸಿಗುತ್ತಿದೆ ಎಂದರೆ, ಕಡಿಮೆ ಬಿದ್ದ ಹಣವನ್ನು ಇನ್ನಾರೋ ತಮ್ಮ ಎದೆಗೂಡಿನಿಂದ ತುಂಬುತ್ತಿದ್ದಾರೆ.

ಕೆಲಸ ಎಂಥದ್ದೆಂದು ಸ್ವಲ್ಪ ನೋಡಬೇಕು. ಕಂಪನಿಯಿಂದ ಬರುವ ಕವರುಗಳ ಮೇಲೆ ಸಾಮಾನ್ಯವಾಗಿ ಲ್ಯಾಕರಿನ ತೆಳು ಪೊರೆ ಇರುತ್ತದೆ. ಮೊದಲು ಪೇಂಟ್ ರಿಮೂವರ್ ಹಚ್ಚಿ ಅದನ್ನು ಎಬ್ಬಿಸಬೇಕು. ಕೆಲವರು ಬೇಗ ಮುಗಿಯಲೆಂದು ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದುತ್ತಾರೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ತಿನ್ನುವಾಗ ಬೆಂಕಿ ಹತ್ತಬಲ್ಲ ಹೈಡ್ರೋಜನ್ ಬಿಡುತ್ತದೆ; ಕವರಿನ ಮೈಯೂ ಕಪ್ಪಿಡುತ್ತದೆ. ಅದಾದ ಮೇಲೆ ವಾಟರ್ ಪೇಪರಿನ ಸರದಿ. 220 ಅಥವಾ 320ರಿಂದ ಹಿಡಿದು 400, 600, 800, 1000, ಹಟ ಇದ್ದವರು 2000ದವರೆಗೆ. ಪ್ರತಿ ಪೇಪರಿನ ಗೀರು ಹಿಂದಿನ ಪೇಪರಿನ ಗೀರಿಗೆ ಅಡ್ಡವಾಗಿ ಬೀಳಬೇಕು. ಹಿಂದಿನದು ಪೂರ್ತಿ ಅಳಿದಿದೆಯೋ ಇಲ್ಲವೋ ಗೊತ್ತಾಗುವುದು ಹಾಗೆ. ನಡುವೆ ಒಂದು ನಂಬರು ಹಾರಿಸಿದರೆ ಆಗ ಏನೂ ಕಾಣದು. ಕೊನೆಗೆ ಬಿಸಿಲಿಗೆ ಹಿಡಿದಾಗ ಆಳದ ಗೀರುಗಳು ಹಲ್ಲು ಕಿರಿಯುತ್ತವೆ.

ಆಮೇಲೆ ಚಕ್ರ. ಮೋಟರಿಗೆ ಹಾಕಿದ ನಾರಿನ ಚಕ್ರ, ನಂತರ ಬಟ್ಟೆಯ ಚಕ್ರ. ಅದಕ್ಕೆ ಸವರುವ ಪಾಲಿಶ್ ಗಟ್ಟಿಗೆ ಅಂಗಡಿಯವರು ಸೋಪು ಎನ್ನುತ್ತಾರೆ: ಮೊದಲು ಕಂದು, ಕಡೆಗೆ ಬಿಳಿ ಅಥವಾ ಹಸಿರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಚಕ್ರಕ್ಕೆ ಕವರಿನ ಅಂಚು ತಪ್ಪು ಕೋನದಲ್ಲಿ ತಾಗಿದರೆ ಅದು ಕೈಯಿಂದ ಕಿತ್ತುಕೊಂಡು ಗೋಡೆಗೆ ಎಸೆಯುತ್ತದೆ. ಬೆರಳು ಅಡ್ಡ ಬಂದರೆ ಬೆರಳನ್ನೂ ಬಿಡುವುದಿಲ್ಲ. ಈ ಕೆಲಸಕ್ಕೆ ಸಡಿಲ ಅಂಗಿತೋಳು ಆಗದು, ಬಟ್ಟೆಯ ಕೈಗವಸೂ ಆಗದು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎನ್ನುವುದು ಅಂಗೈಗಷ್ಟೇ ಗೊತ್ತು. ಹೆಚ್ಚು ಒತ್ತಿದರೆ ಕವರಿನ ಮೇಲಿನ ಅಕ್ಷರ ಸವೆದುಹೋಗುತ್ತದೆ, ಸ್ಕ್ರೂ ತೂತಿನ ಅಂಚು ಜೋಲುತ್ತದೆ. ಎರಕದ ಮಾಲಾದರೆ ಇನ್ನೊಂದು ತಾಪತ್ರಯ. ಮೇಲಿನ ಗಟ್ಟಿ ಚರ್ಮ ಸವೆದೊಡನೆ ಒಳಗಿನ ಸಣ್ಣ ರಂಧ್ರಗಳು ಹೊರಬೀಳುತ್ತವೆ. ಸಿಲಿಕಾನ್ ಜಾಸ್ತಿ ಬೆರೆತ ಎರಕ ಎಷ್ಟು ಉಜ್ಜಿದರೂ ತುಸು ಬೂದು ಛಾಯೆ ಬಿಡದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಿದ್ದ ಜಾವಾ, ನಂತರದ ಯೆಜ್ಡಿ ಗಾಡಿಗಳ ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆ ಹಳೆಯ ಎಂಜಿನ್ನಿನ ಮೊಟ್ಟೆಯಾಕಾರದ ಕವರು ಒಂದು ಸಲ ಹಾಳಾದರೆ ಕಂಪನಿಯ ಹೊಸದು ಸಿಗುವುದಿಲ್ಲ. ಅದನ್ನು ಬಫಿಂಗ್ ಮಾಡುವವನ ಕೈಗೆ ಕೊಡುವುದೆಂದರೆ ಅಜ್ಜಿಯ ಒಡವೆಯನ್ನು ಅಕ್ಕಸಾಲಿಗನಿಗೆ ಕೊಟ್ಟ ಹಾಗೆ. ಕೂಲಿಯ ಮಾತು ಬಂದಾಗ ಮಾತ್ರ ಅಕ್ಕಸಾಲಿಗನ ಮರ್ಯಾದೆ ಇವನಿಗೆ ಇಲ್ಲ.

ಇಷ್ಟೆಲ್ಲ ಮಾಡಿಸಿ ಗಾಡಿಯನ್ನು ಗೋವಾದ ಕಡಲ ದಂಡೆಯಲ್ಲಿ ನಿಲ್ಲಿಸಿದರೆ ಏನಾಗುತ್ತದೆ? ಅಲ್ಯೂಮಿನಿಯಮ್ಮಿಗೆ ತನ್ನದೇ ಕವಚವಿದೆ. ಗಾಳಿ ತಾಗಿದ ಕೂಡಲೇ ಮೇಲೆ ಆಕ್ಸೈಡಿನ ಪದರ ಕಟ್ಟಿಕೊಳ್ಳುತ್ತದೆ, ಬರೇ ಕೆಲವು ನ್ಯಾನೋಮೀಟರ್ ದಪ್ಪ. ಕಬ್ಬಿಣದ ತುಕ್ಕಿನಂತೆ ಅದು ಉದುರುವುದಿಲ್ಲ, ಒಳಗಿನ ಲೋಹವನ್ನು ಕಾಯುತ್ತದೆ. ಉಪ್ಪಿನ ಕ್ಲೋರೈಡ್ ಮಾತ್ರ ಈ ಕವಚವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತೂತಿನ ಸುತ್ತ ಬಿಳಿ ಪುಡಿ ಏಳುತ್ತದೆ. ಚೆಂದಕ್ಕೆಂದು ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು ಹಾಕಿಸಿದವರ ಗಾಡಿಯಲ್ಲಿ ಆ ಪುಡಿ ಬೋಲ್ಟಿನ ಬುಡದಿಂದಲೇ ಶುರುವಾಗುತ್ತದೆ, ಏಕೆಂದರೆ ಉಪ್ಪುನೀರು ನಡುವೆ ಇದ್ದರೆ ಎರಡು ಲೋಹಗಳು ಸೇರಿ ಬ್ಯಾಟರಿಯಾಗುತ್ತವೆ, ಕರಗುವುದು ಅಲ್ಯೂಮಿನಿಯಂ. ಲ್ಯಾಕರ್ ತೆಗೆದ ಮೇಲೆ ಮೇಣ ಹಚ್ಚುತ್ತ, ಸಿಹಿನೀರಿನಲ್ಲಿ ತೊಳೆಯುತ್ತ ಇರದಿದ್ದರೆ ಒಂದು ಮಳೆಗಾಲಕ್ಕೆ ಕನ್ನಡಿ ಮಂಕಾಗುತ್ತದೆ. ಮತ್ತೆ ಬಫಿಂಗ್, ಮತ್ತೆ ಚೌಕಾಸಿ.

ಗೋವಾದಲ್ಲಿ ಹಳದಿ ಕಪ್ಪು ಬೈಕಿನಲ್ಲಿ ಬಾಡಿಗೆ ಹೊಡೆಯುವ ‘ಪೈಲಟ್’ಗಳು ವರ್ಷವಿಡೀ ಇದೇ ಗಾಳಿಯಲ್ಲಿ ಓಡುತ್ತಾರೆ. ಅವರು ಕನ್ನಡಿ ಹೊಳಪಿನ ಗೊಡವೆಗೆ ಹೋಗುವುದು ಅಪರೂಪ.

ಈಗ ದೂಳಿನ ವಿಷಯ. ಕಂದು ಟ್ರಿಪೋಲಿ ಸೋಪಿನಲ್ಲಿರುವುದು ಸಿಲಿಕಾ. ಸಿಲಿಕಾದ ನುಣ್ಣನೆ ದೂಳು ವರ್ಷಗಟ್ಟಲೆ ಒಳಹೋದರೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ಇವತ್ತಿಗೂ ಮದ್ದಿಲ್ಲ. ಬಫಿಂಗ್ ಮಾಡುವ ಹುಡುಗ ಮೂಗಿಗೆ ಕಟ್ಟಿಕೊಳ್ಳುವ ಕರವಸ್ತ್ರ ಅದನ್ನು ತಡೆಯದು. ಅಲ್ಯೂಮಿನಿಯಂ ದೂಳಿಗೆ ಇನ್ನೊಂದು ಗುಣವಿದೆ: ಅದು ಸಿಡಿಯುತ್ತದೆ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಅಲ್ಯೂಮಿನಿಯಂ ಚಕ್ರಗಳಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದೂಳು ಸ್ಫೋಟಗೊಂಡು ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಸರ್ಕಾರಿ ತನಿಖೆ ಕಂಡುಕೊಂಡ ಕಾರಣ ಕರಾವಳಿಯವರು ಓದಿಕೊಳ್ಳಬೇಕಾದ್ದು: ದೂಳು ಹಿಡಿಯುವ ಯಂತ್ರವನ್ನು ಕಾಲಕಾಲಕ್ಕೆ ಸ್ವಚ್ಛ ಮಾಡಿರಲಿಲ್ಲ, ಪುಡಿ ತುಂಬುವ ಡ್ರಮ್ಮು ತುಕ್ಕು ಹಿಡಿದು ತೂತಾಗಿತ್ತು, ತೇವ ತಾಗಿದ ಪುಡಿ ಒಳಗೊಳಗೇ ಕಾದು ಹೊತ್ತಿಕೊಂಡಿತ್ತು. ಒಂದು ಮೋಟರಿನ ಅಂಗಡಿಯಲ್ಲಿ ಅಷ್ಟು ದೂಳು ಸೇರುವುದಿಲ್ಲ ಎಂಬುದು ನಿಜ. ಆದರೆ ಕಬ್ಬಿಣ ತಿಕ್ಕಿದ ಜಾಗದಲ್ಲೇ ಅಲ್ಯೂಮಿನಿಯಂ ತಿಕ್ಕಿ, ಎರಡರ ಪುಡಿಯನ್ನೂ ಒಂದೇ ಮೂಲೆಗೆ ಗುಡಿಸಿ, ಪಕ್ಕದಲ್ಲಿ ವೆಲ್ಡಿಂಗ್ ಮಾಡುವುದು ಚಿಕ್ಕ ಅಂಗಡಿಯಲ್ಲೂ ಬೆಂಕಿಯ ಜತೆ ಸರಸವೇ.

ಕಾನೂನು ಇಲ್ಲವೇ? ಇತ್ತು. 1948ರ ಕಾರ್ಖಾನೆಗಳ ಕಾಯ್ದೆಯ 14ನೇ ಕಲಂ ದೂಳು ಹೊಗೆಗಳನ್ನು, 37ನೇ ಕಲಂ ಸಿಡಿಯುವ ದೂಳನ್ನು ಕುರಿತೇ ಬರೆದದ್ದು. ಆದರೆ ವಿದ್ಯುತ್ ಬಳಸುವ ಕಡೆ 10 ಮಂದಿ ದುಡಿಯುತ್ತಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಇಬ್ಬರು ಮೂವರು ದುಡಿಯುವ ಬಫಿಂಗ್ ಅಂಗಡಿ ಆಗಲೂ ಲೆಕ್ಕದ ಹೊರಗೆ, ಈಗ ಇನ್ನೂ ಹೊರಗೆ. ಹಾಗಾಗಿ ಇನ್‌ಸ್ಪೆಕ್ಟರ್ ಬರಲೆಂದು ಕಾಯುವುದು ವ್ಯರ್ಥ. ಒತ್ತಡ ಗಿರಾಕಿಯಿಂದಲೇ ಬರಬೇಕು.

ದೊಡ್ಡ ಖರ್ಚಿನ ಮಾತೇನಲ್ಲ. ಸರಿಯಾದ ಫಿಲ್ಟರಿನ ಮಾಸ್ಕ್, ಕಣ್ಣಿಗೆ ಕನ್ನಡಕ, ಚಕ್ರದ ಬುಡದಲ್ಲಿ ದೂಳೆಳೆಯುವ ವ್ಯವಸ್ಥೆ, ಅಲ್ಯೂಮಿನಿಯಮ್ಮಿಗೆ ಬೇರೆ ಚಕ್ರ. ಅಂಗಡಿಯವರು ಇದಕ್ಕೆಂದು ನೂರಿನ್ನೂರು ಹೆಚ್ಚು ಕೇಳಿದರೆ ಕೊಡಬೇಕು; ಕೇಳದಿದ್ದರೆ ಮಾಸ್ಕ್ ಎಲ್ಲಿ ಎಂದು ಗಿರಾಕಿಯೇ ಕೇಳಬೇಕು. ನಿತ್ಯ ಓಡಿಸುವ ಗಾಡಿಗೆ ಕಂಪನಿಯ ಲ್ಯಾಕರನ್ನು ಹಾಗೇ ಬಿಡುವುದು ವಾಸಿ. ಇನ್ನು ಬೈಕ್ ಮೇಳ ನಡೆಸುವವರು. ಬಹುಮಾನಕ್ಕೆ ನಿಲ್ಲಿಸಿದ ಗಾಡಿಯ ಪಕ್ಕದ ಫಲಕದಲ್ಲಿ ಗಾಡಿ ಕಟ್ಟಿದವರ ಹೆಸರಿರುತ್ತದೆ, ಬಣ್ಣ ಹೊಡೆದವರ ಹೆಸರೂ ಒಮ್ಮೊಮ್ಮೆ ಇರುತ್ತದೆ. ಬಫಿಂಗ್ ಯಾರದ್ದು, ಯಾವ ಊರಿನ ಅಂಗಡಿಯಲ್ಲಿ ಆಯಿತು ಎಂದು ಅದರ ಕೆಳಗೆ ಇನ್ನೊಂದು ಸಾಲು ಬರೆಸಲು ಮುಂದಿನ ಮೇಳದವರೆಗೆ ಬೇಕಾದಷ್ಟು ಸಮಯವಿದೆ.